ಹದಿನೇಳನೇ ನಂಬರಿನ ಹಾಜರಿ

ಸೋಮವಾರ ನಮ್ಮ ಆಫೀಸಿನ ಬೆರಳೊತ್ತುವ ಯಂತ್ರ ಕೆಟ್ಟಿತು. ಮಳೆಗಾಲದ ತೇವ ಅದರ ಹೊಟ್ಟೆಗೆ ಇಳಿದಿತ್ತೋ ಏನೋ, ಯಾರ ಬೆರಳೂ ಅದಕ್ಕೆ ಗುರುತು ಹತ್ತಲಿಲ್ಲ. ಆರು ವರ್ಷ ದಿನಾ ಬೆಳಿಗ್ಗೆ ಅದಕ್ಕೆ ಬೆರಳೊಪ್ಪಿಸಿ ಒಳಗೆ ಬಂದ ನನ್ನನ್ನೂ ಅದು ಪರಿಚಯವೇ ಇಲ್ಲದವಳಂತೆ ನೋಡಿತು. ಕೊನೆಗೆ ಮ್ಯಾನೇಜರರು ಕಪಾಟಿನ ತಳದಿಂದ ಒಂದು ಉದ್ದನೆಯ ಮಸ್ಟರ್ ಪುಸ್ತಕ ಎಳೆದು ನನ್ನ ಮೇಜಿನ ಮೇಲೆ ಹಾಕಿದರು. ಯಂತ್ರ ದುರಸ್ತಿಯಾಗುವ ತನಕ ಹನ್ನೆರಡು ಜನರ ಹಾಜರಿ ಅದರಲ್ಲೇ, ಅದನ್ನು ನೋಡಿಕೊಳ್ಳುವವಳು ನಾನೇ.

ಕೆಂಪು ಬಟ್ಟೆಯ ಬೆನ್ನು, ಒಳಗೆ ತೆಳು ನೀಲಿ ಮನೆಗಳು. ತೆರೆದರೆ ಹಳೆಯ ಅಂಟು, ನುಸಿಗುಳಿಗೆ, ಸ್ವಲ್ಪ ಧೂಳು. ನಾನು ಕೂತದ್ದು ಮುಂಬೈ ಫೋರ್ಟಿನ ಹಳೇ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ. ಕೆಳಗೆ ಬಸ್ಸುಗಳು ಒಂದರ ಹಿಂದೊಂದು ಹಾರ್ನ್ ಹೊಡೆಯುತ್ತಿದ್ದವು. ಆದರೆ ಮೂಗಿಗೆ ಬಂದದ್ದು ವಿಜಯಪುರ ಜಿಲ್ಲೆಯ ಎರೆಹೊಲಗಳ ನಡುವಿನ ನಮ್ಮ ಸರಕಾರಿ ಹೈಸ್ಕೂಲಿನ ವಾಸನೆ. ಅದರ ಹಿಂದೆಯೇ ಗಣಿತದ ಸರ್ ಬಂದರು… ಅವರನ್ನು ನಾನು ಬಹಳ ವರ್ಷ ಮನಸ್ಸಿನ ಬಾಗಿಲ ಹೊರಗೇ ನಿಲ್ಲಿಸಿದ್ದೆ.

ಮಸ್ಟರಿನ ಹನ್ನೆರಡನೇ ಸಾಲು ಮಾವಶಿಯದು. ಆಫೀಸು ಗುಡಿಸಿ ಒರೆಸುವ ಐವತ್ತು ದಾಟಿದ ಹೆಂಗಸು, ಇಲ್ಲಿ ಎಲ್ಲರೂ ಅವರನ್ನು ಮರಾಠಿಯಲ್ಲಿ ಹೀಗೇ, ಚಿಕ್ಕಮ್ಮ ಎಂದು ಕರೆಯುವುದು. ಅವರಿಗೆ ಸಹಿ ಬರದು, ಅವರ ಸಾಲಿನ ಮನೆಯಲ್ಲಿ ಹಾಜರ್ ಎಂಬುದಕ್ಕೆ ನಾನೇ ‘ಪಿ’ ಎಂದು ಬರೆಯಬೇಕು. ಸೋಮವಾರ ಅವರು ಬಂದಿರಲಿಲ್ಲ. ಆ ಮನೆಯನ್ನು ಖಾಲಿ ಬಿಟ್ಟು ಪುಸ್ತಕ ಮುಚ್ಚಿದೆ.

ನಮ್ಮೂರಿನಲ್ಲಿ ಶಾಲೆ ಇದ್ದದ್ದು ಏಳನೇ ಇಯತ್ತೆಯವರೆಗೆ. ಹೈಸ್ಕೂಲಿಗೆ ಮೂರು ಕಿಲೋಮೀಟರ್ ಆಚೆಯ ದೊಡ್ಡ ಊರಿಗೆ ಹೋಗಬೇಕು. ಅಪ್ಪ ಅವ್ವ ಮುಂಬೈಯಲ್ಲಿದ್ದರು. ಅಪ್ಪ ವಡಾಲದ ಒಂದು ಬಿಲ್ಡಿಂಗಿಗೆ ವಾಚ್‌ಮನ್, ಅವ್ವ ಅದೇ ಬಿಲ್ಡಿಂಗಿನ ನಾಲ್ಕು ಮನೆಗಳಲ್ಲಿ ಕಸ-ಮುಸುರೆ. ನಾನು ಊರಲ್ಲಿ ಅಜ್ಜಿಯ ಜೊತೆ. ಸರಕಾರ ಕೊಟ್ಟ ಸೈಕಲ್ಲೇನೋ ಇತ್ತು, ಆದರೆ ಮಳೆಯಾಯಿತೆಂದರೆ ಎರೆಮಣ್ಣು ಗಾಲಿಗೆ ಮೆತ್ತಿಕೊಂಡು ಸೈಕಲ್ಲನ್ನೇ ನಾವು ಹೊತ್ತು ನಡೆಯಬೇಕಾಗುತ್ತಿತ್ತು. ಶಾಲೆಗೆ ಐದು ಕೋಣೆ, ಒಂದು ಬೇವಿನ ಗಿಡ, ಅರ್ಧಕ್ಕೆ ನಿಂತ ಕಂಪೌಂಡು. ಆ ಅರ್ಧ ಗೋಡೆ ಗಂಡುಹುಡುಗರದು, ಬೋರ್‌ವೆಲ್ಲಿನ ಕಟ್ಟೆ ನಮ್ಮದು. ಊಟದ ತಾಟು ತೊಳೆಯುವ ನೆಪದಲ್ಲಿ ಆ ಕಟ್ಟೆಯ ಮೇಲೆ ನಾವು ಆಡದ ಮಾತಿಲ್ಲ. ಶಾಲೆಯ ವಾರ್ಷಿಕೋತ್ಸವದ ಗ್ಯಾದರಿಂಗ್ ಬಂತೆಂದರೆ ಹದಿನೈದು ದಿನ ಪಾಠವೇ ಇಲ್ಲ, ಬರೀ ಕೋಲಾಟದ ತಾಲೀಮು. ವಿಜ್ಞಾನದ ಹುದ್ದೆ ಖಾಲಿ, ಇಂಗ್ಲಿಷಿನದೂ ಒಂದು ವರ್ಷ ಖಾಲಿ. ಎಂದೂ ಖಾಲಿಯಾಗದೆ ಉಳಿದದ್ದು ಗಣಿತ ಒಂದೇ. ಅದೂ ಖಾಲಿಯಾಗಲಿ ಎಂದು ನಾವು ಹಣಮಪ್ಪನಿಗೆ ಕಾಯಿ ಹರಕೆ ಹೊತ್ತಿದ್ದೆವು.

ಗಣಿತದ ಸರ್ ಒಂಬತ್ತೂ ಮುಕ್ಕಾಲರ ಬಸ್ಸಿಗೆ ಇಳಿಯುತ್ತಿದ್ದರು. ಬಿಳೀ ಅಂಗಿ, ಕಂಕುಳಲ್ಲಿ ಛತ್ರಿ, ಕೈಯಲ್ಲಿ ರೊಟ್ಟಿಯ ಡಬ್ಬಿ. ನಕ್ಕದ್ದನ್ನು ನೋಡಿದವರಿಲ್ಲ. ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಹಾಜರಿ ಪುಸ್ತಕದ ನಂಬರೇ ನಮ್ಮ ಹೆಸರು. ನಾನು ಹದಿನೇಳು. ಪಕ್ಕದಲ್ಲಿ ಕೂರುವ ಗೆಳತಿ ಹದಿನೆಂಟು. “ಹದಿನೇಳು, ಏಳು, ಬೋರ್ಡಿಗೆ ಬಾ” ಎಂದರೆ ಹದಿನೆಂಟರ ನೋಟ್‌ಬುಕ್ಕಿನ ಕಡೆ ಕಣ್ಣು ಹಾಯಿಸಿ ಏಳುತ್ತಿದ್ದೆ. ನಮಗೆ ಹೆಸರಿಲ್ಲವೇ, ನಾವೇನು ಕೈದಿಗಳೇ ಎಂದು ಬೋರ್‌ವೆಲ್ಲಿನ ಕಟ್ಟೆಯ ಮೇಲೆ ಬೈದುಕೊಳ್ಳುತ್ತಿದ್ದೆವು. ನಮ್ಮ ಕಡೆ ಹೆಸರಿನ ಬಾಲಕ್ಕೆ ಅಡ್ಡಹೆಸರು ಬರುತ್ತದೆ, ಅಡ್ಡಹೆಸರಿನ ಬಾಲಕ್ಕೆ ಜಾತಿ ಬರುತ್ತದೆ. ಅದು ಬೇಡವೆಂದೇ ಅವರು ನಂಬರಿಗೆ ಅಂಟಿಕೊಂಡಿದ್ದರೋ ಏನೋ… ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಕಿರುಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ಇಪ್ಪತ್ಮೂರು ತೆಗೆದು ಹಿಗ್ಗಿ ಹೀರೇಕಾಯಿಯಾಗಿ ಹೋದರೂ ಅವರದು ಒಂದೇ ಮಾತು: “ಇನ್ನ ಎರಡ ಎಲ್ಲಿ ಹ್ವಾದು?”

ಅವರೇ ನಮ್ಮ ಕ್ಲಾಸ್ ಟೀಚರ್. ಹಾಜರಿ ಕರೆದ ಮೇಲೆ ಅಂದಿನ ಮಕ್ಕಳ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಬಿಸಿಯೂಟದ ಕೋಣೆಗೆ ಕಳಿಸಬೇಕು. ಅದನ್ನು ನೋಡಿ ಅಡಿಗೆಯಾಕೆ ಅಕ್ಕಿ ಅಳೆದು ಒಲೆಗೆ ಇಡುತ್ತಾಳೆ. ಉಳಿದ ಟೀಚರುಗಳು ಹಾಜರಿ ಪುಸ್ತಕ ನೋಡಿ ಸಂಖ್ಯೆ ಇಳಿಸಿ ಕೈತೊಳೆದುಕೊಳ್ಳುತ್ತಿದ್ದರು. ಗಣಿತದ ಸರ್ ಹಾಗಲ್ಲ. ಹಾಜರಿ ಮುಗಿಸಿ, ಪುಸ್ತಕ ಮುಚ್ಚಿ, ಕುರ್ಚಿಯಿಂದ ಎದ್ದು ಬೆಂಚುಗಳ ನಡುವೆ ಒಂದು ಸುತ್ತು ಬಂದು, ಬೆರಳು ಮಾಡಿ ತಲೆ ಎಣಿಸಿ ಆಮೇಲೇ ಚೀಟಿ ಬರೆಯುತ್ತಿದ್ದರು. ಚೀಟಿ ಒಯ್ಯುವುದು ನನ್ನ ಕೆಲಸ. ಒಂಬತ್ತನೆಯಲ್ಲಿದ್ದಾಗ ಒಂದು ದಿನ, ಹಿಂದಿನ ಬೆಂಚಿನವನು ಊಟದ ಹೊತ್ತಿಗೆ ಬಂದೇ ಬರುತ್ತಾನೆ ಎಂದು ಅವನ ಗೆಳೆಯ ಅಂದದ್ದಕ್ಕೆ, ದಾರಿಯಲ್ಲಿ ನಾನೇ ಮೂವತ್ತೈದನ್ನು ತಿದ್ದಿ ಮೂವತ್ತಾರು ಮಾಡಿದೆ. ಅವನು ಬರಲಿಲ್ಲ. ಸಂಜೆ ಸರ್ ಆ ಚೀಟಿಯನ್ನು ನನ್ನ ಮುಂದೆ ಹಿಡಿದರು. ಹೊಡೆಯುತ್ತಾರೆ ಎಂದು ಕೈ ಮುಂದೆ ಚಾಚಿದೆ.

“ಕೈ ಕೆಳಗ ಇಳಸು. ಅನ್ನದ ಮ್ಯಾಲ ಅಂದಾಜ ಬರೀಬಾರದು. ತಲಿ ಎಣಿಸಿ ಬರೀಬೇಕು, ತಿಳೀತಿಲ್ಲೊ?”

ತಿಳಿಯಿತು ಎಂದು ತಲೆಯಾಡಿಸಿದೆ. ಒಂದು ಮುಷ್ಟಿ ಅಕ್ಕಿಗೆ ಇಷ್ಟು ರಾದ್ಧಾಂತವೇ ಎಂದು ಮನಸ್ಸಿನಲ್ಲಿ ಅಂದುಕೊಂಡೆ.

ಹತ್ತನೆಯ ವರ್ಷ ದೀಪಾವಳಿ ಸೂಟಿಗೆ ಮುಂಬೈಗೆ ಬಂದೆ. ಹದಿನೈದು ದಿನ ಎಂದು ಬಂದವಳು ಒಂದು ಜೊತೆ ಚೂಡಿದಾರ ಮತ್ತು ಗಣಿತದ ಪುಸ್ತಕ ತಂದಿದ್ದೆ. ನಾನು ಬಂದ ನಾಲ್ಕನೇ ದಿನ ಅವ್ವ ಒದ್ದೆ ಮೆಟ್ಟಿಲ ಮೇಲೆ ಜಾರಿ ಬಿದ್ದಳು. ಕಾಲಿನ ಎಲುಬು ಮುರಿದಿತ್ತು. ಆಸ್ಪತ್ರೆಯಿಂದ ಬಂದವಳು ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಮೊದಲು ಕೇಳಿದ್ದು ತನ್ನ ನಾಲ್ಕು ಮನೆಗಳ ಬಗ್ಗೆ. ಮನೆ ಬಿಟ್ಟರೆ ಹೋದವು. ಪಕ್ಕದ ಬಿಲ್ಡಿಂಗಿನ ಹೆಂಗಸು ಆಗಲೇ ಎರಡನೇ ಮಹಡಿಗೆ ಹೋಗಿ ವಿಚಾರಿಸಿ ಬಂದಿದ್ದಳು. ಅಪ್ಪ ನನ್ನ ಮುಖ ನೋಡಲಿಲ್ಲ, ಗೋಡೆ ನೋಡುತ್ತ ಹೇಳಿದ.

“ಹದಿನೈದ ದಿವಸ ನೀನs ಮಾಡವ್ವ. ಆಮ್ಯಾಲ ಗಾಡಿ ಹತ್ತಿಸಿ ಬಿಡ್ತೀನಿ.”

ನಮ್ಮ ಖೋಲಿ ಇದ್ದದ್ದು ಬಿಲ್ಡಿಂಗಿನ ತಳದಲ್ಲಿ, ನೀರಿನ ಪಂಪಿನ ಕೋಣೆಗೆ ಅಂಟಿಕೊಂಡು. ಕಿಟಕಿ ಇಲ್ಲ. ಮೇಲೆ ಒಂದು ಜಾಲರಿಯಿತ್ತು. ಅದರಲ್ಲಿ ಹೋಗಿ ಬರುವವರ ಪಾದಗಳು ಕಾಣುತ್ತಿದ್ದವು. ಪಂಪು ಶುರುವಾದರೆ ಗೋಡೆ, ನೆಲ, ಪಾತ್ರೆ, ಹಲ್ಲು ಎಲ್ಲ ನಡುಗುತ್ತಿತ್ತು. ಆರು ಗಂಟೆಗೆ ಎದ್ದು ಅವ್ವನ ಆರೈಕೆ ಮುಗಿಸಿ ಮೇಲೆ ಹೋದರೆ ನಾಲ್ಕೂ ಮನೆ ಮುಗಿಯುವ ಹೊತ್ತಿಗೆ ಎರಡು ದಾಟುತ್ತಿತ್ತು. ಕೆಲಸದವರಿಗೆ ಬೇರೆ ಲಿಫ್ಟು, ಅದು ಕೆಟ್ಟರೆ ಮೆಟ್ಟಿಲು. ಅದು ಸದಾ ಕೆಟ್ಟೇ ಇರುತ್ತಿತ್ತು. ಐದನೇ ಮಹಡಿಯ ಮನೆಯ ಬಾಲ್ಕನಿ ಒರೆಸುವಾಗ ಹಾರ್ಬರ್ ಲೈನಿನ ಲೋಕಲ್ ಕಾಣುತ್ತಿತ್ತು. ಅದು ಎಲ್ಲಿಗೆ ಹೋಗುತ್ತದೆ ಎಂದೂ ನನಗೆ ಗೊತ್ತಿರಲಿಲ್ಲ. ಕೆಳಗೆ ಅಪ್ಪ ಕಾರು ಬಂದಾಗಲೆಲ್ಲ ಎದ್ದು ಗೇಟು ತೆಗೆದು ಸಲಾಮು ಹೊಡೆಯುತ್ತಿದ್ದ. ಇಡೀ ದಿನ ಊರವರಿಗೆಲ್ಲ ಗೇಟು ತೆಗೆಯುವವನ ಮಗಳು ನಾನು, ನನಗೆ ಆ ಗೇಟು ದಾಟಿ ಹೋಗಲು ಒಂದೂ ಕಾರಣವಿರಲಿಲ್ಲ.

ಹದಿನೈದು ದಿನ ತಿಂಗಳಾಯಿತು. ಕಾಲು ಕೂಡಿಲ್ಲ, ಒಳಗೆ ಸಲಾಕೆ ಹಾಕಬೇಕು ಎಂದರು. ಮತ್ತೆ ಹದಿನೈದು ದಿನ, ಮತ್ತೆ ಹದಿನೈದು ದಿನ…

ಸೂಟಿ ಮುಗಿದ ವಾರವೇ ಅಪ್ಪನ ಮೊಬೈಲಿನಿಂದ ಗಣಿತದ ಸರ್‌ಗೆ ಫೋನು ಮಾಡಿದ್ದೆ. ನಂಬರು ನನ್ನ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿತ್ತು. ಅಳಬಾರದು ಎಂದು ಗಟ್ಟಿ ಮಾಡಿಕೊಂಡು ಎಲ್ಲ ಹೇಳಿದೆ.

“ಯಾವಾಗ ಬರ್ತಿ?”

“ಹದಿನೈದ ದಿವಸರೀ ಸರ್.”

“ಹಂಗಾರ ಹೆಸರು ತಗಿಯೂದಿಲ್ಲ. ಲೆಕ್ಕ ಬಿಡಬ್ಯಾಡ.”

ಅಷ್ಟೇ. ಆದರೆ ಮುಂದಿನ ಭಾನುವಾರ ಹನ್ನೊಂದಕ್ಕೆ ಸರಿಯಾಗಿ ಅವರದೇ ಫೋನು ಬಂತು. ಅಪ್ಪ ಸ್ಟೂಲಿನಿಂದ ಎದ್ದು ನಿಂತು, ಟೊಪ್ಪಿಗೆ ತೆಗೆದು ಮಾತಾಡಿದ, ಸರ್ ಎದುರಿಗೇ ಇದ್ದವರಂತೆ. ಆಮೇಲೆ ಪ್ರತಿ ಭಾನುವಾರ. “ಹದಿನೇಳು ಏನು?” ಎಂದು ಶುರು. ಯಾವ ಪುಟ, ಎಷ್ಟನೇ ಲೆಕ್ಕ, ಹೋದ ವಾರದ್ದರ ಉತ್ತರ ಏನು ಬಂತು. ಊಟ ಮಾಡಿದಿಯಾ, ಅವ್ವನ ಕಾಲು ಹೇಗಿದೆ, ಒಂದೂ ಇಲ್ಲ. ನಾನು ಪಂಪಿನ ಕೋಣೆಯ ಹೊಸ್ತಿಲಲ್ಲಿ ಕೂತು, ಪಂಪು ನಿಂತಿರುವ ಹೊತ್ತು ನೋಡಿಕೊಂಡು ಲೆಕ್ಕ ಮಾಡುತ್ತಿದ್ದೆ. ಒಮ್ಮೆ ವೃತ್ತದ ಲೆಕ್ಕಕ್ಕೆ ಕೈವಾರ ಇರಲಿಲ್ಲ, ಮೂರನೇ ಮಹಡಿಯ ಮನೆಯಲ್ಲಿ ತೊಳೆಯಲು ಹಾಕಿದ್ದ ಗ್ಲಾಸನ್ನು ಬೋರಲು ಇಟ್ಟು ಗೀಚಿದೆ. ಆ ಮನೆಯ ಆಂಟಿ ಬಂದು ‘ಯೇ ಕ್ಯಾ ಖೇಲ್ ರಹೀ ಹೈ’ ಎಂದು ಬೈದರು. ಹೌದು, ಆಟವೇ. ಇಡೀ ದಿನದಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ.

ಹಾಜರಿಯ ವಿಷಯ ಸರ್ ಯಾವತ್ತೂ ಎತ್ತಲಿಲ್ಲ. ಹೇಳಿದವಳು ಹದಿನೆಂಟು. ಡಿಸೆಂಬರಿನಲ್ಲಿ ತನ್ನ ಅಣ್ಣನ ಫೋನಿನಿಂದ ಕರೆ ಮಾಡಿ ಪಿಸುಗುಟ್ಟಿದಳು.

“ಏ, ನಿನಗ ಗೊತ್ತದನ? ಸರ್ ದಿನಾ ಹದಿನೇಳು ಅಂತ ಕರೀತಾರ. ಯಾರೂ ಮಾತಾಡೂದಿಲ್ಲ. ತಾವs ಹಾಜರ್ ಹಾಕಿ ಹದಿನೆಂಟು ಅಂತಾರ. ಯಾರಿಗೂ ಹೇಳಬ್ಯಾಡ ಮತ್ತ.”

ಇಡೀ ಕ್ಲಾಸಿಗೆ ಗೊತ್ತಿತ್ತು. ಒಬ್ಬರಿಗೊಬ್ಬರು ಬಳಪದ ತುಂಡಿಗೂ ಜಗಳ ಕಾಯುವ ಮೂವತ್ತೇಳು ಜನ, ಆ ಒಂದು ಮಾತನ್ನು ಬಾಯಲ್ಲಿಟ್ಟುಕೊಂಡು ಕೂತಿದ್ದರು. ಪರೀಕ್ಷೆಗೆ ಕೂರಲು ನೂರಕ್ಕೆ ಎಪ್ಪತ್ತೈದು ಹಾಜರಿ ಬೇಕು ಎಂಬುದು ನಮಗೆಲ್ಲ ಬಾಯಿಪಾಠವಿದ್ದ ನಿಯಮ. ಅಂದು ನಾನು ಎಷ್ಟು ಖುಷಿಪಟ್ಟೆ ಎಂದರೆ… ಹೇಗೆ ಹೇಳಲಿ. ಇಲ್ಲಿ ಯಾರದೋ ಬಾತ್‌ರೂಮಿನ ಮೂಲೆ ತಿಕ್ಕುವಾಗ ಅಲ್ಲಿ ಎರಡನೇ ಬೆಂಚಿನಲ್ಲಿ ನಾನು ಹಾಜರ್. ಒಬ್ಬಳು ಸಿಕ್ಕಿಬಿದ್ದಿದ್ದಾಳೆ, ಇನ್ನೊಬ್ಬಳು ಬಿಡುಗಡೆಯಾಗಿ ಬೇವಿನ ನೆರಳಲ್ಲಿದ್ದಾಳೆ. ಆ ಎರಡನೆಯವಳ ದೆಸೆಯಿಂದ ಮೊದಲನೆಯವಳು ಮೆಟ್ಟಿಲು ಹತ್ತುತ್ತಿದ್ದಳು. ಜನವರಿ ಬರುವ ಹೊತ್ತಿಗೆ ಅವ್ವ ಕೋಲು ಹಿಡಿದು ನಡೆಯತೊಡಗಿದಳು. ಫೆಬ್ರವರಿ ಮೊದಲ ವಾರಕ್ಕೆ ಅಪ್ಪ ನನ್ನ ಟಿಕೇಟು ತೆಗೆಸಿದ. ಅದನ್ನು ಗಣಿತದ ಪುಸ್ತಕದಲ್ಲಿ ಇಟ್ಟುಕೊಂಡೆ.

ಜನವರಿಯ ಕೊನೆಗೆ ಶಾಲೆಗೆ ತಪಾಸಣೆಯ ಅಧಿಕಾರಿ ಬಂದರು. ಅವರು ಬಂದದ್ದು ಬಿಸಿಯೂಟ ನೋಡಲು. ಹಾಜರಿ ಪುಸ್ತಕ ಒಂದು ಕೈಯಲ್ಲಿ, ಊಟದ ಪುಸ್ತಕ ಇನ್ನೊಂದು ಕೈಯಲ್ಲಿ ಹಿಡಿದು ತಾಳೆ ನೋಡಿದರು. ಬೇರೆ ಕ್ಲಾಸುಗಳಲ್ಲಿ ಎರಡೂ ಒಂದೇ. ಹತ್ತನೆಯಲ್ಲಿ ಮಾತ್ರ ಹಾಜರಿ ಮೂವತ್ತಾರಿದ್ದ ದಿನ ಊಟ ಮೂವತ್ತೈದು, ಹಾಜರಿ ಮೂವತ್ತಿದ್ದ ದಿನ ಊಟ ಇಪ್ಪತ್ತೊಂಬತ್ತು. ದೀಪಾವಳಿಯಿಂದ ಈಚೆಗೆ ದಿನ ತಪ್ಪದೆ ಒಂದು ಕಡಿಮೆ.

ಮುಂದಿನದನ್ನು ಹದಿನೆಂಟು ನನಗೆ ಎಷ್ಟು ಸಲ ಹೇಳಿದ್ದಾಳೆಂದರೆ, ಈಗ ನಾನೇ ಆ ಬೆಂಚಿನಲ್ಲಿ ಕೂತು ನೋಡಿದಂತಾಗಿದೆ. ಅಧಿಕಾರಿ ಕ್ಲಾಸಿಗೆ ಬಂದು ದಿನಾ ಊಟ ಮಾಡದವರು ಯಾರು ಎಂದು ಕೇಳಿದರು. ಕೊನೆಗೆ ಹಿಂದಿನ ಬೆಂಚಿನವನು, ಹಿಂದೆ ಊಟಕ್ಕೆ ಬಾರದೆ ನನ್ನನ್ನು ಬೈಸಿದವನೇ, ಎದ್ದು ನಿಂತು “ಹದಿನೇಳು ಮನಿಂದ ಡಬ್ಬಿ ತರ್ತಾಳರೀ ಸಾಹೇಬ್ರ” ಎಂದ. ಜಾಣ! ಆ ಹುಡುಗ ಲೆಕ್ಕದಲ್ಲಿ ಎಂದೂ ಹತ್ತು ದಾಟಿದವನಲ್ಲ, ಅಂದು ಅವನಿಗೆ ಹೊಳೆದಿತ್ತು. ಅಧಿಕಾರಿ ನಕ್ಕು, “ಎಲ್ಲಿದಾಳ ಕರೀರಿ, ಆಕಿ ಡಬ್ಬಿ ನೋಡೂಣು” ಎಂದರು. ಗಣಿತದ ಸರ್ ಬಳಪ ಕೆಳಗಿಟ್ಟರು. ಕೈ ಒರೆಸಿಕೊಂಡರು.

“ಆಕಿ ಇಲ್ಲರಿ. ಹಾಜರಿ ನಾ ಬರದದ್ದು.”

ಇಲ್ಲದವಳಿಗೆ ಹಾಜರಿ ಹಾಕಿದವರು ಒಂದು ಊಟ ಹಾಕಿದ್ದರೆ ಯಾರಪ್ಪನಿಗೂ ಗೊತ್ತಾಗುತ್ತಿರಲಿಲ್ಲವಲ್ಲ ಮಾಸ್ತರೇ ಎಂದು ಅಧಿಕಾರಿ ಕೇಳಿದರಂತೆ. ಕೆಂಪು ಪೆನ್ನು ಕೊಟ್ಟು, ಹದಿನೇಳರ ಸಾಲಿನಲ್ಲಿ ಸರ್ ಕೈಯಿಂದಲೇ ಐವತ್ತೆಂಟು ದಿನದ ಹಾಜರಿ ಹೊಡೆಸಿದರು. ಒಂದೊಂದು ಮನೆಗೂ ಒಂದೊಂದು ಗೆರೆ. ಅಷ್ಟೂ ಹೊತ್ತು ಮಕ್ಕಳು ಎದ್ದು ನಿಂತೇ ಇದ್ದರಂತೆ, ಕೂರಿ ಎಂದು ಹೇಳುವುದು ಯಾರಿಗೂ ನೆನಪಾಗಲಿಲ್ಲ.

ನನ್ನ ಹಾಜರಿ ಬೇಕಾದದ್ದಕ್ಕಿಂತ ಕಡಿಮೆ ಬಿತ್ತು. ಪರೀಕ್ಷೆಯಿಲ್ಲ, ಹಾಲ್ ಟಿಕೇಟಿಲ್ಲ. ಅಪ್ಪ ರೈಲಿನ ಟಿಕೇಟು ವಾಪಸು ಮಾಡಿ ಬಂದ. ಅವ್ವನ ಕಾಲು ಹೇಗೂ ಪೂರ್ತಿ ನೆಟ್ಟಗಾಗಿಲ್ಲ, ಮುಂದಿನ ವರ್ಷ ನೋಡೋಣ ಎಂದರು. ಹೋಗಲು ಕಾರಣವಿದ್ದಾಗ ಬಿಡಲಿಲ್ಲ, ಈಗ ಹೋಗಲು ಕಾರಣವೇ ಉಳಿಯಲಿಲ್ಲ. ನಾನು ನಾಲ್ಕು ಮನೆಗಳ ಬಕೆಟ್ಟು ಎತ್ತಿಕೊಂಡು ಮೆಟ್ಟಿಲು ಹತ್ತಿದೆ. ಇನ್ನು ಬೇವಿನ ನೆರಳಿನಲ್ಲಿ ಯಾರೂ ಇರಲಿಲ್ಲ.

ಆ ಭಾನುವಾರ ಹನ್ನೊಂದಕ್ಕೆ ಸರಿಯಾಗಿ ಫೋನು ಬಂತು. ಅಪ್ಪ ಎದ್ದು ನಿಂತು ನನ್ನ ಕೈಗೆ ಕೊಟ್ಟ. ಹಿಂದೆ ಬಸ್‌ಸ್ಟ್ಯಾಂಡಿನ ಗದ್ದಲ ಕೇಳುತ್ತಿತ್ತು.

“ಮುಂದಿನ ವರ್ಷ ಖಾಸಗಿ ಕಟ್ಟು. ಫಾರ್ಮ್ ನಾ ಕಳಸ್ತೀನಿ. ಲೆಕ್ಕ ಬಿಡಬ್ಯಾಡ.”

ನನ್ನೊಳಗೆ ಮೂರು ತಿಂಗಳು ಕಟ್ಟಿಕೊಂಡದ್ದೆಲ್ಲ ಒಮ್ಮೆಲೇ ಹೊರಗೆ ಬಂತು. ಆ ದನಿ ನನ್ನದೇ ಎಂದು ನನಗೇ ನಂಬಿಕೆಯಾಗಲಿಲ್ಲ.

“ಇಷ್ಟ ದಿವಸ ಸುಳ್ಳ ಹಾಜರಿ ಬರದ್ರಿ. ಒಂದ ತಾಟ ಅನ್ನ ಬರಿಯಾಕ ನಿಮಗೇನ್ ಆಗಿತ್ತರೀ ಸರ್? ಒಂದ ತಾಟ ಅನ್ನ!”

ಆ ಕಡೆ ಯಾವುದೋ ಬಸ್ಸಿನ ಕಂಡಕ್ಟರ್ ಊರುಗಳ ಹೆಸರು ಕೂಗುತ್ತಿದ್ದ.

“ಎಣಿಸಾಕ ಅಲ್ಲಿ ತಲಿ ಇರಲಿಲ್ಲ ತಂಗಿ…”

ನಾನು ಫೋನು ಕಟ್ ಮಾಡಿದೆ. ಅವರು ನನ್ನನ್ನು ಹದಿನೇಳು ಎನ್ನಲಿಲ್ಲ ಎಂಬುದು ಎಷ್ಟೋ ದಿನದ ಮೇಲೆ ಹೊಳೆಯಿತು.

ಮುಂದಿನ ಭಾನುವಾರವೂ ಫೋನು ಬಂತು. ಕೆಲಸಕ್ಕೆ ಹೋಗಿದ್ದಾಳೆ ಎಂದು ಹೇಳು ಅಂತ ಅಪ್ಪನಿಗೆ ಕೈಸನ್ನೆ ಮಾಡಿದೆ. ಅಪ್ಪ ಎದ್ದು ನಿಂತೇ ಸುಳ್ಳು ಹೇಳಿದ. ಅದರ ಮುಂದಿನ ವಾರವೂ ಅದೇ. ಎಷ್ಟು ಭಾನುವಾರ ಹಾಗೆ ಬಂತೋ ನಾನು ಲೆಕ್ಕ ಇಡಲಿಲ್ಲ. ಒಂದು ದಿನ ಬರುವುದು ನಿಂತಿತು. ಆ ಬೇಸಿಗೆಯಲ್ಲಿ ಸರ್‌ಗೆ ಜಿಲ್ಲೆಯ ಆ ತುದಿಗೆ ವರ್ಗವಾಯಿತು, ಬಡ್ತಿಯೂ ತಪ್ಪಿತು ಎಂದು ಹದಿನೆಂಟು ಹೇಳಿದಳು. ಆಗ ನನಗೆ ಮರುಕ ಬರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳುತ್ತಿದ್ದೇನೆ, ಅನುಭವಿಸಲಿ ಎಂದುಕೊಂಡೆ. ಸುಳ್ಳು ಹೇಳುವುದಾದರೆ ಪೂರ್ತಿ ಹೇಳಬೇಕು. ಅರ್ಧ ಸುಳ್ಳಿನಿಂದ ನನ್ನನ್ನು ಇಲ್ಲಿ ಕಟ್ಟಿಹಾಕಿದರು ಎಂದು ವರ್ಷಗಟ್ಟಲೆ ಅವರ ಮೇಲೆ ಹಲ್ಲು ಕಡಿದೆ.

ಅಂಚೆಯಲ್ಲಿ ಫಾರ್ಮ್ ಬಂದಿತ್ತು. ಅದನ್ನು ತುಂಬಿ ಕಳಿಸಲು ನನಗೆ ಎರಡು ವರ್ಷ ಹಿಡಿಯಿತು. ಖಾಸಗಿಯಾಗಿ ಕಟ್ಟಿ ಪಾಸಾದೆ, ಗಣಿತದಲ್ಲಿ ಎಂಬತ್ತೊಂದು. ಆಮೇಲೆ ಒಂದೊಂದೇ ಮೆಟ್ಟಿಲು… ಮಾಟುಂಗದ ಒಂದು ಅಂಗಡಿಯಲ್ಲಿ ಬಿಲ್ಲು ಬರೆದೆ, ಅಂಚೆ ಮೂಲಕ ಡಿಗ್ರಿ ಮುಗಿಸಿದೆ, ಹಡಗಿನ ಸರಕಿನ ಕಾಗದಪತ್ರ ನೋಡುವ ಈ ಆಫೀಸಿಗೆ ಸೇರಿದೆ. ಮದುವೆಯಾಗಿ ಇರುವುದೂ ಅದೇ ವಡಾಲದಲ್ಲಿ. ಈಗ ಹಾರ್ಬರ್ ಲೈನು ಎಲ್ಲಿಗೆ ಹೋಗುತ್ತದೆ ಎಂದು ಚೆನ್ನಾಗಿ ಗೊತ್ತು, ದಿನಾ ಅದರಲ್ಲೇ ಹೋಗಿ ಅದರಲ್ಲೇ ಬರುತ್ತೇನೆ. ಊರಿಗೆ ಹೋಗಿ ಬಂದದ್ದು ಎರಡು ಸಲ, ಶಾಲೆಯ ಕಡೆ ಕಾಲು ಹಾಕಲಿಲ್ಲ.

ಎರಡು ವರ್ಷದ ಹಿಂದೆ, ಸಂಜೆಯ ಲೋಕಲಿನಲ್ಲಿ ಜೋತುಬಿದ್ದು ನಿಂತಿದ್ದಾಗ ಕ್ಲಾಸಿನವರ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಬಂತು. ಬಿಳೀ ಅಂಗಿಯ ಗಣಿತದ ಸರ್, ಫೋಟೋಗೆ ಹೂವಿನ ಹಾರ, ಕೆಳಗೆ ಹುಟ್ಟಿದ ಮತ್ತು ತೀರಿಕೊಂಡ ದಿನ. ನಾನು ನೋಡಿದ್ದಕ್ಕಿಂತ ತುಂಬಾ ಸಣ್ಣ ಮುಖ. ಮೂವತ್ತು ಜನ ಕೈಮುಗಿದ ಚಿತ್ರ ಹಾಕಿದರು. ನಾನು ಏನೋ ಬರೆದೆ, ಅಳಿಸಿದೆ, ಮತ್ತೆ ಬರೆದೆ… ಅಷ್ಟರಲ್ಲಿ ಹದಿನೆಂಟು ಫೋನು ಮಾಡಿದಳು.

“ಸಿಕ್ಕಾಗೆಲ್ಲ ನಿನ್ನ ಕೇಳತಿದ್ರು. ಬಾಂಬೇಕ ಹೋದಾಕಿ ಏನ್ ಮಾಡ್ತಾಳ ಅಂತ. ಪಾಸ್ ಆದಾಳ್ರಿ, ಲೆಕ್ಕದಾಗ ಎಂಬತ್ತೊಂದು ಅಂತ ನಾನs ಹೇಳಿದ್ದೆ.”

“ಏನಂದ್ರು?”

“ಏನಂತಾರ? ಇನ್ನ ಹತ್ತೊಂಬತ್ತ ಎಲ್ಲಿ ಹ್ವಾದು ಅಂದ್ರು. ಅಂದು, ಆ ಕಡೆ ಮಾರಿ ತಿರುವಿ ಕಣ್ಣ ಒರಸ್ಕೊಂಡ್ರು.”

ನಾನು ಆ ಗದ್ದಲದಲ್ಲೇ ಅತ್ತೆ. ಲೇಡೀಸ್ ಡಬ್ಬದಲ್ಲಿ ಅಳುವವರಿಗೆ ಯಾರೂ ಏನೂ ಕೇಳುವುದಿಲ್ಲ, ಸ್ವಲ್ಪ ಸರಿದು ಜಾಗ ಕೊಡುತ್ತಾರೆ. ಎಂಬತ್ತೊಂದು ಎಂದು ನಾನೇ ಒಂದು ಫೋನು ಮಾಡಿ ಹೇಳಬಹುದಿತ್ತು. ಅವರ ನಂಬರು ನನಗೆ ಇವತ್ತಿಗೂ ಬಾಯಿಪಾಠ. ಆದರೂ ಆ ಅನ್ನದ ತಾಟು ನನಗೆ ಅರ್ಥವಾಗಿರಲಿಲ್ಲ. ಅತ್ತದ್ದು ಅತ್ತೆ, ಸಿಟ್ಟು ಒಳಗೆ ಹಾಗೇ ಇತ್ತು.

ಈ ವಾರ ಮಾವಶಿ ಮಂಗಳವಾರವೂ ಬರಲಿಲ್ಲ, ಬುಧವಾರವೂ ಬರಲಿಲ್ಲ. ಗಂಡ ಆಸ್ಪತ್ರೆಯ ವಾರ್ಡಿನಲ್ಲಿದ್ದಾನೆ, ಪಕ್ಕದಲ್ಲಿ ಕೂರಲು ಬೇರೆ ಯಾರೂ ಇಲ್ಲ. ನನಗೆ ಮಾತ್ರ ಫೋನು ಮಾಡಿ ಹೇಳಿದ್ದರು. ಅವರನ್ನು ಕಳಿಸುವ ಏಜೆನ್ಸಿಯ ನಿಯಮ ಆಫೀಸಿನಲ್ಲಿ ಎಲ್ಲರಿಗೂ ಗೊತ್ತು: ಮೂರು ದಿನ ದಾಟಿದರೆ ನಾಲ್ಕನೇ ದಿನ ಬೇರೆ ಹೆಂಗಸು ಬರುತ್ತಾಳೆ, ಹಳಬಳು ಹೋದಂತೆಯೇ. ಗುರುವಾರ ಮಧ್ಯಾಹ್ನ ಮಸ್ಟರನ್ನು ತನ್ನ ಮುಂದೆ ಇಡಬೇಕು ಎಂದು ಮ್ಯಾನೇಜರರು ಹೇಳಿದ್ದರು. ಈ ಮೂರು ದಿನ ಕಸದ ಬುಟ್ಟಿಗಳನ್ನು ನಾನೇ ಬೇಗ ಬಂದು ಖಾಲಿ ಮಾಡಿ, ಒಂದು ಕೈ ಪೊರಕೆ ಆಡಿಸಿದ್ದೆ. ಅದು ನನಗೆ ಕಲಿಯಬೇಕಾದ ಕೆಲಸವಲ್ಲ. ಹಾಗಾಗಿ ಅವರು ಬಂದಿಲ್ಲವೆಂದು ಮ್ಯಾನೇಜರರಿಗೆ ಗೊತ್ತಾಗಿರಲಿಲ್ಲ.

ಇವತ್ತು ಗುರುವಾರ, ಮಾವಶಿ ಇವತ್ತೂ ಬಂದಿಲ್ಲ. ಬೆಳಿಗ್ಗೆ ಹತ್ತೂವರೆಗೆ ಮಸ್ಟರ್ ತೆರೆದೆ. ಅದೇ ಅಂಟು, ಅದೇ ನುಸಿಗುಳಿಗೆ. ಹನ್ನೆರಡನೇ ಸಾಲಿನಲ್ಲಿ ನಾಲ್ಕು ಮನೆ ಖಾಲಿ. ಒಂದು, ಎರಡು, ಮೂರು, ನಾಲ್ಕು ‘ಪಿ’. ಇಂಕು ಒಣಗಲಿ ಎಂದು ಊದಿದೆ. ಹೀಗೇ ಇರುತ್ತಿತ್ತೇನೋ ಅವರಿಗೂ, ಹದಿನೇಳು ಎಂದು ಕರೆದು, ಒಂದು ಗಳಿಗೆ ಕಾದು…

ಅಷ್ಟರಲ್ಲಿ ಮೇಜಿನ ಫೋನು ಹೊಡೆಯಿತು. ಕೆಳಗಿನ ಗಲ್ಲಿಯ ಹೋಟೆಲಿನ ಹಿರಿಯರು, ಕುಂದಾಪುರದ ಕಡೆಯವರು. ಹನ್ನೊಂದಕ್ಕೆ ಮೇಲೆ ಚಹಾ ಕಳಿಸುವ ಮೊದಲು ಎಷ್ಟು ಎಂದು ನನ್ನನ್ನೇ ಕೇಳಿ ಚೀಟಿ ಬರೆಯುತ್ತಾರೆ. ತಿಂಗಳ ಕೊನೆಗೆ ಆ ಚೀಟಿಗಳ ಕಟ್ಟು ಮ್ಯಾನೇಜರರ ಮೇಜಿಗೆ ಹೋಗುತ್ತದೆ.

“ಅಮ್ಮ, ಇವತ್ತು ಚಾ ಎಷ್ಟು ಕಳಿಸೂದು? ಸೋಮವಾರದಿಂದ ಹನ್ನೊಂದೇ ಬರೀತಾ ಇದ್ದೆ ಮಾರಾಯ್ರೆ. ಇವತ್ತು ಹನ್ನೆರಡಾ?”

ಮಸ್ಟರ್ ಮುಂದೆ ತೆರೆದೇ ಇತ್ತು. ಮ್ಯಾನೇಜರರ ಕ್ಯಾಬಿನ್ನಿನ ಬಾಗಿಲೂ ತೆರೆದಿತ್ತು. ಹನ್ನೆರಡು ಎಂದು ಬಾಯಿಬಿಟ್ಟರೆ ಆಯಿತು, ನಾಲ್ಕನೇ ದಿನದ ಚೀಟಿಯಾದರೂ ಮಸ್ಟರಿಗೆ ತಾಳೆಯಾಗುತ್ತದೆ, ಮಾವಶಿಯ ನೌಕರಿ ಗಟ್ಟಿ. ಒಂದು ಲೋಟ ಚಹಾ. ಹದಿನಾಲ್ಕು ವರ್ಷ ಯಾವ ಮಾತಿಗೆ ಹಲ್ಲು ಕಡಿದಿದ್ದೆನೋ ಅದೇ ಮಾತು. ನಾನು ಫೋನು ಹಿಡಿದುಕೊಂಡೇ ಕುರ್ಚಿಯಿಂದ ಎದ್ದೆ. ಯಾಕೆ ಎದ್ದೆನೋ ಗೊತ್ತಿಲ್ಲ. ಮೇಜುಗಳ ಮೇಲೆ ಬಾಗಿದ್ದ ತಲೆಗಳನ್ನು ಒಂದೊಂದಾಗಿ ಎಣಿಸಿದೆ. ನನ್ನದೂ ಸೇರಿಸಿ.

“ಹನ್ನೊಂದು” ಎಂದೆ.